ಉಳಿಕೆಯ ಮಿತಿ ಬೇರೆ, ವಿಷದ ಮಿತಿ ಬೇರೆ

ಹತ್ತು ಟನ್ ತರಕಾರಿ ತುಂಬಿದ ಲಾರಿಯೊಂದು ತಪಾಸಣೆಗೆ ನಿಂತಿದೆ ಎಂದುಕೊಳ್ಳಿ. ಕಿಲೋಗೆ 0.01 ಮಿಲಿಗ್ರಾಂ ಎಂಬ ಮಿತಿ ಅದಕ್ಕೆ ಅನ್ವಯಿಸಿದರೆ, ಇಡೀ ಲಾರಿಯಲ್ಲಿ ಆ ಕೀಟನಾಶಕದ ಮೂಲವಸ್ತು 0.1 ಗ್ರಾಂ ದಾಟಿದೊಡನೆ ಸರಕು ಅಕ್ರಮ. ಒಂದು ಚಿಟಿಕೆ ಉಪ್ಪೂ ಅದಕ್ಕಿಂತ ಭಾರ. ಪಕ್ಕದಲ್ಲೇ ಇನ್ನೊಂದು ಲಾರಿ, ಅದರಲ್ಲಿ ಬೇರೆ ತರಕಾರಿ. ಅದೇ ಕೀಟನಾಶಕಕ್ಕೆ ಆ ತರಕಾರಿಯ ಮೇಲೆ ಕಿಲೋಗೆ 0.5 ಮಿಲಿಗ್ರಾಂ ಮಿತಿ ಇದೆ. ಅಲ್ಲಿ 4 ಗ್ರಾಂ ಇದ್ದರೂ ತಡೆಯುವವರಿಲ್ಲ. ಮೊದಲನೆಯದು ವಾಪಸ್, ಎರಡನೆಯದು ಮಾರುಕಟ್ಟೆಗೆ. ಮರುದಿನ ‘ತರಕಾರಿಯಲ್ಲಿ ವಿಷ’ ಎಂದು ಸುದ್ದಿಯಾಗುವುದು ಮೊದಲನೆಯದು.

ಕಾಯ್ದೆಗೆ ಬುದ್ಧಿ ಇಲ್ಲ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಗರಿಷ್ಠ ಉಳಿಕೆ ಮಿತಿ, ಅಂದರೆ ವ್ಯಾಪಾರದವರ ಬಾಯಲ್ಲಿ ಎಂಆರ್‌ಎಲ್, ಕೇಳುವ ಪ್ರಶ್ನೆಯೇ ಬೇರೆ. ತಿಂದರೆ ಏನಾಗುತ್ತದೆ ಎಂದು ಅದು ಕೇಳುವುದಿಲ್ಲ. ಈ ಬೆಳೆಗೆ ಈ ಔಷಧಿಯನ್ನು ಲೇಬಲ್‌ನಲ್ಲಿ ಬರೆದ ಹಾಗೆ ಹೊಡೆದಿದ್ದರೆ ಹೆಚ್ಚೆಂದರೆ ಎಷ್ಟು ಉಳಿಯಬೇಕಿತ್ತು, ಅದಕ್ಕಿಂತ ಜಾಸ್ತಿ ಉಳಿದಿದೆಯೇ ಎಂದು ಕೇಳುತ್ತದೆ. ಅದು ಬಳಕೆಯ ಶಿಸ್ತನ್ನು ಅಳೆಯುವ ಕೋಲು. ಆ ಕೋಲಿನಿಂದಲೇ ಈಗ ಆರೋಗ್ಯ, ಆಮದು ನೀತಿ, ಜೇನ್ನೊಣದ ಉಳಿವು ಎಲ್ಲವನ್ನೂ ಅಳೆಯಲು ಹೊರಟಿರುವುದರಿಂದ ರೈತನಿಗೂ ರಫ್ತುದಾರನಿಗೂ ತಿನ್ನುವವನಿಗೂ ಗೊಂದಲ.

ಸಂಖ್ಯೆ ಹುಟ್ಟುವ ಬಗೆ

1963ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ, ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗವನ್ನು ಹುಟ್ಟುಹಾಕಿದವು. ಇವೇ ಎರಡು ಸಂಸ್ಥೆಗಳ ಜಂಟಿ ತಜ್ಞರ ಸಭೆ ಜೆಎಂಪಿಆರ್ ಕೀಟನಾಶಕಗಳ ದತ್ತಾಂಶವನ್ನು ಪರಿಶೀಲಿಸಿ ಮಿತಿಗಳನ್ನು ಶಿಫಾರಸು ಮಾಡುತ್ತದೆ. ಐರೋಪ್ಯ ಒಕ್ಕೂಟ, ಅಮೆರಿಕ, ಜಪಾನ್, ಭಾರತ ತಮ್ಮದೇ ಮಿತಿಗಳನ್ನು ಹಾಕಿಕೊಂಡಿವೆ. ಲೆಕ್ಕದ ಬಗೆ ಮಾತ್ರ ಹೆಚ್ಚುಕಡಿಮೆ ಒಂದೇ.

ಎರಡು ಕಡೆಯಿಂದ ಕೆಲಸ ನಡೆಯುತ್ತದೆ. ಒಂದು ಕಡೆ ಹೊಲ. ಲೇಬಲ್ ಅನುಮತಿಸುವ ಅತಿ ಹೆಚ್ಚು ಪ್ರಮಾಣ, ಅತಿ ಹೆಚ್ಚು ಸಿಂಪಡಣೆ, ಸಿಂಪಡಣೆಯಿಂದ ಕೊಯ್ಲಿಗೆ ಅತಿ ಕಡಿಮೆ ದಿನ, ಈ ಮೂರನ್ನೂ ಒಟ್ಟಿಗೆ ಇಟ್ಟು ಬೇರೆ ಬೇರೆ ಜಾಗಗಳಲ್ಲಿ ಪ್ರಯೋಗ ಮಾಡುತ್ತಾರೆ. ಎಂಟು ತಾಕುಗಳಲ್ಲಿ ಕಿಲೋಗೆ 0.08, 0.10, 0.11, 0.13, 0.15, 0.18, 0.20, 0.25 ಮಿಲಿಗ್ರಾಂ ಉಳಿಯಿತು ಎನ್ನೋಣ. ಸರಾಸರಿ 0.15. ಮುಂದುವರಿದ ರಾಷ್ಟ್ರಗಳ ಕೂಟವಾದ ಒಇಸಿಡಿಯ ಲೆಕ್ಕಪತ್ರದಲ್ಲಿ ಮೂರು ಸಂಖ್ಯೆ ತೆಗೆಯುತ್ತಾರೆ: ಸಿಕ್ಕ ಅತಿ ಹೆಚ್ಚಿನ ಉಳಿಕೆ, ಸರಾಸರಿಗೆ ನಾಲ್ಕು ಪಟ್ಟು ಮಾನಕ ವಿಚಲನೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕೂಡಿಸಿದ್ದು, ಸರಾಸರಿಯ ಮೂರು ಪಟ್ಟು. ಇಲ್ಲಿ ಅವು 0.25, 0.38, 0.45. ದೊಡ್ಡದನ್ನು ತೆಗೆದುಕೊಂಡು ಮೇಲಿನ ಮೆಟ್ಟಿಲಿಗೆ ಏರಿಸಿದರೆ 0.5. ಮಿತಿ ಸಿದ್ಧ. ಈ ತನಕ ವಿಷದ ಮಾತೇ ಬಂದಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಕಡೆ ಪ್ರಾಣಿ ಪ್ರಯೋಗ. ಯಾವ ಪ್ರಮಾಣದಲ್ಲಿ ಯಾವ ದುಷ್ಪರಿಣಾಮವೂ ಕಾಣಲಿಲ್ಲವೋ ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯರಲ್ಲೇ ಎಳೆಯರು, ರೋಗಿಗಳು, ಗರ್ಭಿಣಿಯರು ಎಂಬ ವ್ಯತ್ಯಾಸಕ್ಕೆ ಇನ್ನೊಂದು 10. ಅಮೆರಿಕದಲ್ಲಿ 1996ರ ಆಹಾರ ಗುಣಮಟ್ಟ ಸಂರಕ್ಷಣಾ ಕಾಯ್ದೆ ಮಕ್ಕಳಿಗಾಗಿ ಮತ್ತೊಂದು ಹತ್ತನ್ನು ಸೇರಿಸಲು ಹೇಳುತ್ತದೆ. ಬೇಡವೆನ್ನಲು ದತ್ತಾಂಶ ಬೇಕು. ಪ್ರಾಣಿಗೆ ದೇಹತೂಕದ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂ ನಿರಪಾಯವಾಗಿದ್ದರೆ ಮನುಷ್ಯನಿಗೆ 0.01, 60 ಕಿಲೋ ತೂಗುವವರಿಗೆ ದಿನಕ್ಕೆ 0.6 ಮಿಲಿಗ್ರಾಂ, ಅದೂ ಜೀವಮಾನವಿಡೀ. ಹೊಲದಿಂದ ಬಂದ 0.5 ಮಿತಿಯನ್ನು ಇದಕ್ಕೆ ಹೋಲಿಸುತ್ತಾರೆ. ದಿನಕ್ಕೆ 300 ಗ್ರಾಂ ತಿಂದರೆ ಒಳಹೋಗುವುದು 0.15 ಮಿಲಿಗ್ರಾಂ, ಅಂದರೆ ಕಾಲು ಭಾಗ. ಉಳಿದ ಆಹಾರದಿಂದ ಬರುವುದನ್ನೂ ಕೂಡಿಸಿ ಒಟ್ಟು 0.6ರ ಒಳಗೇ ಇದ್ದರೆ ಮಿತಿಗೆ ಮುದ್ರೆ ಬೀಳುತ್ತದೆ. ಮೀರಿದರೆ ಮಿತಿ ಏರಿಸುವುದಿಲ್ಲ, ಆ ಬಳಕೆಗೇ ಅನುಮತಿ ಕೊಡುವುದಿಲ್ಲ.

ಈಗ ಮೊದಲ ಲಾರಿಗೆ ಮರಳಿ. ಅದರಲ್ಲಿ ಸಿಕ್ಕಿದ್ದು ಕಿಲೋಗೆ 0.03. ಮೂರು ಪಟ್ಟು ಮೀರಿದೆ ಎಂದು ವರದಿ. ಅದನ್ನು ದಿನಾ 300 ಗ್ರಾಂ ತಿಂದರೆ 0.009 ಮಿಲಿಗ್ರಾಂ, ಸುರಕ್ಷಿತ ಪ್ರಮಾಣದ ಶೇ 1.5. ಹಾಗಾದರೆ ಅದನ್ನು ಬಿಟ್ಟುಬಿಡಬಹುದಿತ್ತೇ? ಕಾಯ್ದೆಯ ಉತ್ತರ: ಇಲ್ಲ, ಈ ಬೆಳೆಯ ಮೇಲೆ ಈ ಔಷಧಿಗೆ ಅನುಮತಿಯೇ ಇರಲಿಲ್ಲ.

ಯಾರೂ ಕೇಳದ ಬೆಳೆಗೆ 0.01

ಐರೋಪ್ಯ ಒಕ್ಕೂಟದ 396/2005 ನಿಯಮ 2008ರ ಸೆಪ್ಟೆಂಬರ್ 1ರಿಂದ ಪೂರ್ತಿ ಜಾರಿಯಲ್ಲಿದೆ. ನಿರ್ದಿಷ್ಟ ಮಿತಿ ಇಲ್ಲದ ಕಡೆಯಲ್ಲೆಲ್ಲ ಅದು 0.01 ಅನ್ನು ಹಾಕುತ್ತದೆ. ಜಪಾನ್ 2006ರ ಮೇ 29ರಿಂದ ಇದೇ ಸಂಖ್ಯೆಯನ್ನು ಏಕರೂಪ ಮಿತಿಯಾಗಿ ಹಿಡಿದಿದೆ. ಭಾರತದ ಆಹಾರ ಸುರಕ್ಷತಾ ನಿಯಮಗಳಲ್ಲೂ 0.01 ಇದೆ. ದೇಶದಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಸಂಬಂಧಿಸಿದಂತೆ ಮಸಾಲೆ ಪದಾರ್ಥಗಳಿಗೆ ಮಾತ್ರ ಇದನ್ನು 2024ರಲ್ಲಿ 0.1ಕ್ಕೆ ಏರಿಸಿದಾಗ ಗದ್ದಲವೂ ಆಯಿತು. ಅಮೆರಿಕದಲ್ಲಿ ಪೂರ್ವನಿಗದಿತ ಸಂಖ್ಯೆಯೇ ಇಲ್ಲ. ಮಿತಿ ಗೊತ್ತುಮಾಡದ ಉಳಿಕೆ ಎಷ್ಟು ಕಂಡರೂ ಆಹಾರ ಕಲಬೆರಕೆ ಎನಿಸಿಕೊಳ್ಳುತ್ತದೆ.

0.01ಕ್ಕೆ ವೈದ್ಯಕೀಯ ಅರ್ಥ ಹುಡುಕುವವರಿದ್ದಾರೆ. ಅದು ಮುಖ್ಯವಾಗಿ ಉಪಕರಣಗಳು ನೆಚ್ಚಿಕೆಯಿಂದ ಅಳೆಯಬಲ್ಲ ಕೆಳಗಿನ ಗೆರೆ. ಅಲ್ಲಿಗೆ ಇಳಿಸಿದ ಮಿತಿ ಎಂದರೆ ‘ಇರಲೇಬಾರದು’ ಎಂದು ಓದಿಕೊಳ್ಳಬೇಕು.

ಇದರ ಹೊಡೆತ ಬೀಳುವುದು ಸಣ್ಣ ಬೆಳೆಗಳಿಗೆ. ಮಿತಿ ಬೇಕಾದರೆ ಯಾರಾದರೂ ಅರ್ಜಿ ಹಾಕಬೇಕು, ಪ್ರಯೋಗದ ಖರ್ಚು ಹೊರಬೇಕು. ಐರೋಪ್ಯ ಒಕ್ಕೂಟ ದೊಡ್ಡ ಬೆಳೆಗೆ ಸಾಮಾನ್ಯವಾಗಿ ಎಂಟು, ಸಣ್ಣ ಬೆಳೆಗೆ ನಾಲ್ಕು ಕ್ಷೇತ್ರ ಪ್ರಯೋಗ ಕೇಳುತ್ತದೆ. ಭತ್ತ, ಹತ್ತಿ, ಸೋಯಾಗಳಿಗಾದರೆ ಕಂಪನಿಯೇ ಓಡಿಬರುತ್ತದೆ. ಸೊಪ್ಪು, ಬೀಜದ ಮಸಾಲೆ, ವೀಳ್ಯದೆಲೆಯಂಥವಕ್ಕೆ ಮಾರಾಟದ ಲಾಭ ಖರ್ಚನ್ನು ತುಂಬಿಕೊಡುವುದಿಲ್ಲ. ಪೇಟೆಂಟ್ ಮುಗಿದ ಔಷಧಿಯಾದರೆ ಅರ್ಜಿ ಹಾಕಿದ ಕಂಪನಿಯ ಶ್ರಮದ ಫಲ ಉಳಿದವರಿಗೂ ಹೋಗುತ್ತದೆ. ಹೀಗಾಗಿ ಲೇಬಲ್‌ನಲ್ಲಿ ಆ ಬೆಳೆಯ ಹೆಸರು ಬರುವುದಿಲ್ಲ. ಕೀಟಕ್ಕೆ ಲೇಬಲ್ ಓದಲು ಬರುವುದಿಲ್ಲವಾದ್ದರಿಂದ ಅದು ಆ ಬೆಳೆಗೂ ಬರುತ್ತದೆ. ರೈತ ಅಂಗಡಿಯವನು ಕೊಟ್ಟದ್ದನ್ನು ಹೊಡೆಯುತ್ತಾನೆ. ಅಮೆರಿಕ 1963ರಲ್ಲೇ ಐಆರ್-4 ಎಂಬ ಸಾರ್ವಜನಿಕ ಯೋಜನೆ ಆರಂಭಿಸಿ ಇಂಥ ಬೆಳೆಗಳ ಪ್ರಯೋಗವನ್ನು ಸರ್ಕಾರಿ ಹಣದಲ್ಲಿ ಮಾಡಿಸುತ್ತ ಬಂದಿತು. ಒಂದೇ ಬಗೆಯ ಬೆಳೆಗಳನ್ನು ಗುಂಪು ಮಾಡಿ, ಗುಂಪಿನ ಪ್ರತಿನಿಧಿ ಬೆಳೆಯ ಪ್ರಯೋಗದಿಂದ ಉಳಿದವಕ್ಕೂ ಮಿತಿ ಹಾಕುವ ಪದ್ಧತಿಯೂ ಇದೆ. ಇವೆರಡೂ ಇಲ್ಲದ ಕಡೆ ಸಣ್ಣ ಬೆಳೆಯ ರೈತ ಬೆಳೆ ಕಳೆದುಕೊಳ್ಳಬೇಕು, ಇಲ್ಲವೇ ಕಾಯ್ದೆ ಮುರಿಯಬೇಕು. ಈ ವಿಷಯದಲ್ಲಿ ರೈತನ ಅಜ್ಞಾನವನ್ನು ದೂರುವ ಭಾಷಣಗಳಿಗೆ ಅರ್ಥವಿಲ್ಲ.

ಲೇಬಲ್ ಪಾಲಿಸಿದರೂ ಫೇಲ್

ಕೊಯ್ಲಿಗೆ ಮುನ್ನ ಇಂತಿಷ್ಟು ದಿನ ಕಾಯಬೇಕು ಎಂದು ಲೇಬಲ್ ಹೇಳುತ್ತದೆ. ಆ ದಿನಗಳ ಲೆಕ್ಕ ಒಂದು ದೇಶದ ಒಂದು ಮಿತಿಗೆ ಹೊಂದಿಸಿದ್ದು. ಸಿಂಪಡಿಸಿದ ದಿನ ಕಾಯಿಯ ಮೇಲೆ ಕಿಲೋಗೆ 4 ಮಿಲಿಗ್ರಾಂ ಕೂತಿತು, ಮೂರು ದಿನಕ್ಕೊಮ್ಮೆ ಅರ್ಧವಾಗುತ್ತದೆ ಎನ್ನಿ. ಮೂರನೇ ದಿನ 2, ಆರಕ್ಕೆ 1, ಒಂಬತ್ತಕ್ಕೆ 0.5. ಮಿತಿ 0.5 ಇರುವ ಕಡೆ ಒಂಬತ್ತು ದಿನ ಸಾಕು. ಅದೇ ಕಾಯಿ 0.01 ಇರುವ ದೇಶಕ್ಕೆ ಹೋಗಬೇಕಾದರೆ 400 ಪಟ್ಟು ಇಳಿಯಬೇಕು. ಅದಕ್ಕೆ 26 ದಿನ. ಲೇಬಲ್‌ನ ಒಂಬತ್ತು ದಿನ ನಿಯತ್ತಾಗಿ ಕಾದ ರೈತನ ಸರಕು ಬಂದರಿನಲ್ಲಿ 50 ಪಟ್ಟು ಮೀರಿದ ಸರಕಾಗುತ್ತದೆ. ಈ ಅರ್ಧವಾಗುವ ಅವಧಿಯೂ ಸ್ಥಿರವಲ್ಲ. ಬಿಸಿಲು, ಮಳೆ ಜೋರಿದ್ದರೆ ಬೇಗ, ಚಳಿಯಲ್ಲಿ, ಪಾಲಿಹೌಸ್ ಒಳಗೆ ತಡ. ಸೌತೆಯಂಥ ಸರಸರ ಬೆಳೆಯುವ ಕಾಯಿ ತನ್ನ ತೂಕ ಹೆಚ್ಚಿಸಿಕೊಂಡೇ ಉಳಿಕೆಯನ್ನು ತೆಳುವಾಗಿಸುತ್ತದೆ. ಬಲಿತು ನಿಂತ ಕಾಯಿಗೆ ಆ ಅನುಕೂಲವಿಲ್ಲ.

ಇನ್ನು ಬೆಂಡೆ, ಮೆಣಸಿನಕಾಯಿ, ಟೊಮೆಟೊ, ಸೌತೆ ಎರಡು ಮೂರು ದಿನಕ್ಕೊಮ್ಮೆ ಬಿಡಿಸಲೇಬೇಕಾದ ಬೆಳೆಗಳು. ಏಳು ದಿನ ಕಾಯಿ ಎಂದು ಬರೆದರೆ ಎರಡು ಮೂರು ಕೊಯ್ಲು ಬಲಿತು ಹಾಳು. ಒಂದೇ ಗಿಡದಲ್ಲಿ ಹೂವು, ಮಿಡಿ, ಕಾಯಿ ಮೂರೂ ಇರುವಾಗ ಲೇಬಲ್‌ನ ಆ ಸಾಲು ಕಾಗದದಲ್ಲಷ್ಟೇ ಉಳಿಯುತ್ತದೆ. ಕೊಯ್ಲು ಮುಗಿಸಿದ ಸಂಜೆಯೇ ಸಿಂಪಡಿಸುವುದು, ಫಸಲು ಬಿಡುವ ಹೊತ್ತಿಗೆ ಒಂದೆರಡು ದಿನದ ಕಾಯುವಿಕೆ ಸಾಕಾಗುವ ಔಷಧಿಗೆ ಬದಲಾಗುವುದು, ಹೆಚ್ಚು ದಿನ ಉಳಿಯುವವನ್ನು ಹೂ ಬಿಡುವ ಮುಂಚೆಯೇ ಮುಗಿಸುವುದು, ಇಷ್ಟೇ ದಾರಿ.

ಒಣಗಿಸುವ ಬೆಳೆಯಲ್ಲಿ ಬೇರೆ ಬಲೆ. ಹಸಿ ಮೆಣಸಿನಕಾಯಿ ಒಣಗಿದಾಗ ನೀರು ಹೋಗುತ್ತದೆ, ಉಳಿಕೆ ಹೋಗುವುದಿಲ್ಲ. ಹಸಿಯ ಮಿತಿಯನ್ನು ಒಣಕ್ಕೆ ಬದಲಿಸುವಾಗ ಜೆಎಂಪಿಆರ್ 7ರಿಂದ 10 ಪಟ್ಟು ಲೆಕ್ಕ ಹಾಕುತ್ತದೆ. ಹಸಿಯಲ್ಲಿ 0.008 ಇದ್ದು ಪಾಸಾದ ಸರಕು ಒಣಗಿದ ಮೇಲೆ 0.06 ತೋರಿಸಿದರೆ ಗಾಬರಿಯಾಗಬೇಕಿಲ್ಲ, ಆದರೆ ಒಣಗಿಸಿದ್ದರಿಂದ ಎಷ್ಟು ಪಟ್ಟು ಏರಿತು ಎಂಬುದಕ್ಕೆ ದಾಖಲೆ ತೋರಿಸುವ ಹೊಣೆ ಮಾರುವವನದು.

ಹೊಡೆಯದೇ ಬಂದದ್ದು

ಪ್ರಯೋಗಾಲಯದ ವರದಿ ಕೈಗೆ ಬಂದಾಗ ರೈತ ‘ಇದನ್ನು ನಾನು ಹೊಡೆದೇ ಇಲ್ಲ’ ಎನ್ನುವುದುಂಟು. ಸುಳ್ಳು ಇರಬಹುದು. ಹಲವು ಸಲ ನಿಜವೂ ಹೌದು.

ಮೊದಲು ನೋಡಬೇಕಾದ್ದು ಪಂಪು. 16 ಲೀಟರಿನ ಬೆನ್ನು ಪಂಪಿನಲ್ಲಿ, ಪೈಪಿನಲ್ಲಿ, ಜರಡಿಯಲ್ಲಿ ಸೇರಿ ಅರ್ಧ ಲೀಟರ್ ಹಳೆಯ ದ್ರಾವಣ ಉಳಿದಿದೆ. ಅದರ ಮೇಲೇ ನೀರು ತುಂಬಿ ಇನ್ನೊಂದು ಔಷಧಿ ಬೆರೆಸಿ ಪಕ್ಕದ ಸೊಪ್ಪಿಗೆ ಹೊಡೆದರೆ ಹಳೆಯದು 32ರಲ್ಲಿ ಒಂದು ಪಾಲಾಗಿ ಹೋಗುತ್ತದೆ. ಪೂರ್ಣ ಪ್ರಮಾಣದಲ್ಲಿ 4 ಮಿಲಿಗ್ರಾಂ ಕೂರುವಂಥದ್ದಾಗಿದ್ದರೆ ಸೊಪ್ಪಿನ ಮೇಲೆ 0.125. ಮಿತಿ 0.01 ಆದರೆ ಹನ್ನೆರಡು ಪಟ್ಟು. ತೊಳೆಯುವುದರಲ್ಲೂ ಲೆಕ್ಕವಿದೆ. 15 ಲೀಟರ್ ನೀರನ್ನು ಒಂದೇ ಸಲ ಹಾಕಿ ಚೆಲ್ಲಿದರೆ ಉಳಿದ ಅರ್ಧ ಲೀಟರಿನಲ್ಲಿ ಔಷಧಿ 31ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ನೀರನ್ನು ಐದೈದು ಲೀಟರಿನಂತೆ ಮೂರು ಸಲ ಹಾಕಿ ಪ್ರತಿ ಸಲವೂ ನಳಿಕೆಯಿಂದ ಹೊರಹಾಕಿದರೆ 1,331ರಲ್ಲಿ ಒಂದು ಪಾಲು. ನೀರು ಅಷ್ಟೇ, ಫಲ 40 ಪಟ್ಟಿಗಿಂತ ಹೆಚ್ಚು. ತೊಳೆದ ನೀರನ್ನು ಮೊದಲು ಸಿಂಪಡಿಸಿದ ಬೆಳೆಯ ಮೇಲೇ ಹಾಕಬೇಕು. ಬಾವಿಕಟ್ಟೆಯ ಬಳಿ ಚೆಲ್ಲಿದರೆ ಅದು ಇನ್ನೊಂದು ದಾರಿಯಲ್ಲಿ ಬೆಳೆಗೇ ಬರುತ್ತದೆ. ನಳಿಕೆಯ ಜರಡಿ ಬಿಚ್ಚದೆ ತೊಳೆದದ್ದು ತೊಳೆದಂತಲ್ಲ.

ಪಕ್ಕದ ಹೊಲದಿಂದ ಗಾಳಿಗೆ ತೇಲಿಬಂದದ್ದು ಎರಡನೆಯದು. ಅಂಚಿನ ಸಾಲುಗಳಿಂದ ಒಂದು ಮಾದರಿ, ನಡುವಿನಿಂದ ಒಂದು ಮಾದರಿ ಪ್ರತ್ಯೇಕವಾಗಿ ಪರೀಕ್ಷಿಸಿದರೆ ಬಯಲಾಗುತ್ತದೆ. ಮೂರನೆಯದು ಮಣ್ಣು. ಡೀಲ್ಡ್ರಿನ್, ಹೆಪ್ಟಾಕ್ಲೋರ್‌ನಂಥ ಕ್ಲೋರಿನ್ ವರ್ಗದ ಹಳೆಯ ಔಷಧಿಗಳು ದಶಕಗಳ ಹಿಂದೆ ಬಿದ್ದಿದ್ದರೂ ಮಣ್ಣಿನಲ್ಲಿ ಉಳಿದಿರುತ್ತವೆ. ಸೌತೆ, ಕುಂಬಳದ ಜಾತಿಯವು ಅವನ್ನು ಬೇರಿನಿಂದ ಹೀರಿಕೊಳ್ಳುವುದರಲ್ಲಿ ಉಳಿದ ಬೆಳೆಗಳಿಗಿಂತ ಮುಂದು. ಇಂಥ ಪರಿಸರದಿಂದ ಬರುವ ಉಳಿಕೆಗೆ ಕೋಡೆಕ್ಸ್ ಬೇರೆಯದೇ ವರ್ಗದ ಮಿತಿ ಇಟ್ಟಿದೆ.

ಗೋದಾಮಿನ ಗೋಡೆಯೂ ಸಾಕ್ಷಿ ಹೇಳುತ್ತದೆ. ಶೇಖರಿಸಿದ ಆಲೂಗಡ್ಡೆ ಮೊಳೆಯದಂತೆ ಕ್ಲೋರ್‌ಪ್ರೊಫಾಮ್ ಹೊಗೆ ಹಾಕುವುದು ಯುರೋಪಿನಲ್ಲಿ ದಶಕಗಳ ರೂಢಿ. 2020ರಲ್ಲಿ ಬಳಕೆ ನಿಂತಿತು. ಆದರೆ ಕಾಂಕ್ರೀಟಿಗೆ ಇಳಿದದ್ದು ಹೊಸ ಗಡ್ಡೆಗಳಿಗೆ ಅಂಟುತ್ತಲೇ ಇತ್ತು. ಹಾಗಾಗಿ 10 ಇದ್ದ ಮಿತಿಯನ್ನು ನೇರ 0.01ಕ್ಕೆ ಇಳಿಸದೆ 0.4ರ ತಾತ್ಕಾಲಿಕ ಮಿತಿ ಕೊಟ್ಟರು. ತಮ್ಮ ಗೋದಾಮುಗಳಿಗೆ ಕೊಟ್ಟ ಈ ರಿಯಾಯಿತಿಯನ್ನು ಹೊರಗಿನವರು ಬೊಟ್ಟು ಮಾಡಿ ತೋರಿಸುವುದು ಸಹಜವೇ.

ಪಾತ್ರೆ, ಬೆಲ್ಟು ತೊಳೆಯುವ ಸೋಂಕುನಿವಾರಕಗಳನ್ನೂ ಐರೋಪ್ಯ ಕಾಯ್ದೆ ಕೀಟನಾಶಕದ ಉಳಿಕೆಯೆಂದೇ ಎಣಿಸುತ್ತದೆ. ಬೆಂಜಾಲ್ಕೋನಿಯಂ ಕ್ಲೋರೈಡ್‌ಗೆ 0.1 ಮಿತಿ. ಕ್ಲೋರಿನ್ ಹಾಕಿದ ತೊಳೆಯುವ ನೀರಿನಿಂದ ಕ್ಲೋರೇಟ್ ಬರುತ್ತದೆ. ಚಹಾ ಎಲೆ ಒಣಗಿಸುವ ಸೌದೆ ಒಲೆಯ ಹೊಗೆ ಸೋರಿದರೆ ಆಂಥ್ರಕ್ವಿನೋನ್ ಎಂಬ ರಾಸಾಯನಿಕ. ಚಹಾದಲ್ಲಿ ಅದರ ಮಿತಿ 0.02. ತೋಟದಲ್ಲಿ ಎಷ್ಟೇ ಜಾಗ್ರತೆ ವಹಿಸಿದರೂ ಒಲೆಯ ಕೊಳವೆಯ ಬಿರುಕು ಸರಕನ್ನು ಕೆಡಿಸಬಲ್ಲದು.

ಪ್ರಯೋಗಾಲಯ ನೋಡುವುದೇನು

ಕೋಡೆಕ್ಸ್ ಮಾರ್ಗಸೂಚಿಯಂತೆ 25ರಿಂದ 250 ಗ್ರಾಂ ತೂಗುವ ಹಣ್ಣು ತರಕಾರಿಯಾದರೆ ಕನಿಷ್ಠ 10 ಕಾಯಿ, 1 ಕಿಲೋ; ಅದಕ್ಕಿಂತ ದೊಡ್ಡದಾದರೆ ಕನಿಷ್ಠ 5 ಕಾಯಿ, 2 ಕಿಲೋ. ಮಾದರಿಯನ್ನು ತೊಳೆಯಬಾರದು. ಬಾಳೆಹಣ್ಣನ್ನು ಸಿಪ್ಪೆ ಸಮೇತ ಅರೆಯುತ್ತಾರೆ, ಕಿತ್ತಳೆಯನ್ನೂ ಹಾಗೆಯೇ. ನಾವು ಸಿಪ್ಪೆ ತಿನ್ನುವುದಿಲ್ಲವಲ್ಲ ಎಂಬ ವಾದ ನಡೆಯದು. ಅಳೆಯುತ್ತಿರುವುದು ಬಳಕೆಯ ಶಿಸ್ತನ್ನು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಅರೆದ ಮಾದರಿಯ 10 ಗ್ರಾಂಗೆ 10 ಮಿಲಿಲೀಟರ್ ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಅಡುಗೆ ಉಪ್ಪು ಹಾಕಿ ಅಲುಗಾಡಿಸಿ, ಗಿರಕಿ ಯಂತ್ರದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಶುದ್ಧಗೊಳಿಸಿ ಉಪಕರಣಕ್ಕೆ ಕೊಡುತ್ತಾರೆ. 2003ರಲ್ಲಿ ಪ್ರಕಟವಾದ ಈ ‘ಕ್ಯಾಚರ್ಸ್’ ವಿಧಾನ ನೂರಾರು ಔಷಧಿಗಳನ್ನು ಒಂದೇ ಓಟದಲ್ಲಿ ಹಿಡಿಯುತ್ತದೆ. ಎಲ್ಲವನ್ನೂ ಹಿಡಿಯುವುದಿಲ್ಲ. ಕಳೆನಾಶಕ ಗ್ಲೈಫೋಸೇಟ್‌ಗೆ ಬೇರೆ ವಿಧಾನ ಬೇಕು. ಮ್ಯಾಂಕೋಜೆಬ್ ಗುಂಪಿನ ಶಿಲೀಂಧ್ರನಾಶಕಗಳನ್ನು ನೇರ ಅಳೆಯುವ ಬದಲು ಆಮ್ಲದಲ್ಲಿ ಕಾಯಿಸಿ, ಒಡೆದು ಬರುವ ಕಾರ್ಬನ್ ಡೈಸಲ್ಫೈಡ್ ಅಳೆಯುತ್ತಾರೆ. ಕೋಸು, ಹೂಕೋಸು, ಈರುಳ್ಳಿ ಜಾತಿಯಲ್ಲಿ ಗಂಧಕದ ಸಂಯುಕ್ತಗಳು ತಾವಾಗಿಯೇ ಇರುವುದರಿಂದ ಏನೂ ಹೊಡೆಯದ ಕೋಸೂ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ.

‘ಉಳಿಕೆ’ ಎಂದರೆ ಯಾವ ಅಣು ಎಂಬುದನ್ನೂ ಕಾಯ್ದೆಯೇ ಹೇಳುತ್ತದೆ. ಇದು ಚಿಕ್ಕ ವಿಷಯವಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಕಂಡಿತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ಅನಿಲ ಅದು. ಆಚೆ ಸಾಲ್ಮೊನೆಲ್ಲಾ ಇದ್ದರೂ ವಾಪಸ್, ಈಚೆ ಅದನ್ನು ಕೊಂದ ಗುರುತಿದ್ದರೂ ವಾಪಸ್. ಅನಿಲ ಆರಿಹೋಗುತ್ತದೆ, ಅದರಿಂದಾದ 2-ಕ್ಲೋರೊಎಥನಾಲ್ ಉಳಿಯುತ್ತದೆ. ಐರೋಪ್ಯ ಒಕ್ಕೂಟ ಎರಡನ್ನೂ ಕೂಡಿಸಿ ಎಳ್ಳಿಗೆ 0.05, ಮಸಾಲೆಗೆ 0.1 ಎನ್ನುತ್ತದೆ. ಅಮೆರಿಕ ಎರಡನ್ನೂ ಬೇರೆ ಬೇರೆ ಎಣಿಸಿ ಒಣ ಮಸಾಲೆಯಲ್ಲಿ ಎಥಿಲೀನ್ ಆಕ್ಸೈಡ್‌ಗೆ ಕಿಲೋಗೆ 7, 2-ಕ್ಲೋರೊಎಥನಾಲ್‌ಗೆ 940 ಮಿಲಿಗ್ರಾಂ ಬಿಡುತ್ತದೆ. ಒಂದೇ ಚೀಲದ ಮೆಣಸು ಒಂದು ಬಂದರಿನಲ್ಲಿ ಆಹಾರ, ಇನ್ನೊಂದರಲ್ಲಿ ನಾಶಪಡಿಸಬೇಕಾದ ಸರಕು. ಆ ವರ್ಷದ ಅಕ್ಟೋಬರಿನಿಂದ ಭಾರತದ ಎಳ್ಳಿನ ರವಾನೆಗಳಲ್ಲಿ ಅರ್ಧದಷ್ಟನ್ನು ಗಡಿಯಲ್ಲೇ ತಡೆದು ಪರೀಕ್ಷಿಸಲು ಒಕ್ಕೂಟ ಆದೇಶಿಸಿತು.

ಅಳತೆಯಲ್ಲೂ ಅನುಮಾನಕ್ಕೆ ಜಾಗವಿದೆ. ಐರೋಪ್ಯ ಮಾರ್ಗಸೂಚಿ ಶೇ 50ರ ಅನಿಶ್ಚಿತತೆ ಒಪ್ಪುತ್ತದೆ. ಫಲಿತಾಂಶ 0.018 ಬಂದರೆ ಅರ್ಧ ಕಳೆದು 0.009, ಅಧಿಕಾರಿ ಅದನ್ನು ಉಲ್ಲಂಘನೆ ಎನ್ನಲಾರ. ಆದರೆ ಕೊಳ್ಳುವ ಕಂಪನಿ ಈ ಲೆಕ್ಕ ಒಪ್ಪಬೇಕೆಂದಿಲ್ಲ. ಮಿತಿಯ ಮೂರರಲ್ಲೊಂದು ಭಾಗ ದಾಟಬಾರದು ಎಂಬ ಕರಾರು ಹಾಕುವ ಸೂಪರ್‌ಮಾರ್ಕೆಟ್‌ಗಳಿವೆ. ಸಹಿ ಮಾಡುವ ಮುನ್ನ ಅನಿಶ್ಚಿತತೆ ಕಳೆಯುವ ಮುಂಚಿನ ಸಂಖ್ಯೆಯೋ ಆಮೇಲಿನದೋ ಎಂದು ಕೇಳಿ ಬರೆಸಿಕೊಳ್ಳದವರು ಬಂದರಿನಲ್ಲಿ ಪಾಸಾಗಿ ಉಗ್ರಾಣದಲ್ಲಿ ಫೇಲಾಗುತ್ತಾರೆ.

ಮಿತಿ ನಿಜಕ್ಕೂ ಆರೋಗ್ಯದ ಮಾತಾಗುವಾಗ

ಇಷ್ಟು ಹೇಳಿದ ಮೇಲೆ, ಮಿತಿ ಮೀರಿದರೂ ಚಿಂತೆಯಿಲ್ಲ ಎಂದು ಓದಿಕೊಳ್ಳುವವರಿಗೆ ತಡೆ ಹಾಕಬೇಕು. ಎಥಿಲೀನ್ ಆಕ್ಸೈಡ್‌ನಂತೆ ಅನುವಂಶಿಕ ಧಾತುವನ್ನೇ ಕೆಡಿಸಿ ಕ್ಯಾನ್ಸರ್ ತರಬಲ್ಲವಕ್ಕೆ 100ರಿಂದ ಭಾಗಿಸುವ ಲೆಕ್ಕ ಒಗ್ಗುವುದಿಲ್ಲ; ಇಷ್ಟರೊಳಗೆ ನಿರಪಾಯ ಎಂಬ ಗೆರೆ ಅಲ್ಲಿಲ್ಲ. ನರಮಂಡಲಕ್ಕೆ ಬಡಿಯುವ ಔಷಧಿಗಳಲ್ಲಿ ಜೀವಮಾನದ ಸರಾಸರಿಗಿಂತ ಒಂದೇ ಊಟದಲ್ಲಿ ಹೋದ ಪ್ರಮಾಣ ಮುಖ್ಯ. ಹತ್ತು ಕಾಯಿ ಅರೆದು ಬಂದ ಸರಾಸರಿಯ ಮೂರು ಪಟ್ಟು ಒಂದೇ ಕಾಯಿಯಲ್ಲಿರಬಹುದು ಎಂದು ಜೆಎಂಪಿಆರ್ ಲೆಕ್ಕ ಹಿಡಿಯುವುದು ಅದಕ್ಕೆ. ಮಗು ತಿನ್ನುವುದು ಸರಾಸರಿಯನ್ನಲ್ಲ, ಆ ಒಂದು ಕಾಯಿಯನ್ನು. ಹಲವು ಔಷಧಿಗಳು ಒಟ್ಟಾಗಿ ಒಂದೇ ಅಂಗದ ಮೇಲೆ ಮಾಡುವ ಪರಿಣಾಮವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಥೈರಾಯ್ಡ್ ಮತ್ತು ನರಮಂಡಲದ ಮಟ್ಟಿಗೆ ಮೊದಲ ಬಾರಿ ಲೆಕ್ಕ ಹಾಕಿ ಪ್ರಕಟಿಸಿದ್ದು 2020ರಲ್ಲಿ. ಉಳಿದ ಹಲವು ಅಂಗಗಳ ಸರದಿ ಬಾಕಿ ಇದೆ.

ತೊಂದರೆ ಏನೆಂದರೆ, ವರದಿಯ ‘ಅನುತ್ತೀರ್ಣ’ ಎಂಬ ಮುದ್ರೆ ಬಳಕೆಯ ತಪ್ಪು, ಆರೋಗ್ಯದ ಅಪಾಯ ಇವೆರಡನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಈಚೆಗೆ ಮೂರನೆಯದಾಗಿ ಪರಿಸರದ ಕಾರಣವೂ ಸೇರಿದೆ. ಭತ್ತದ ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್‌ನ ಮಿತಿಯನ್ನು ಐರೋಪ್ಯ ಒಕ್ಕೂಟ 2018ರಿಂದ 1ರಿಂದ 0.01ಕ್ಕೆ ಇಳಿಸಿದಾಗ ಕಾರಣ ದತ್ತಾಂಶದ ಕೊರತೆ. ಆದರೆ ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಂ ಎಂಬ ಕೀಟನಾಶಕಗಳ ವಿಷಯದಲ್ಲಿ 2023/334 ನಿಯಮ ತಿನ್ನುವವರ ಆರೋಗ್ಯದ ಮಾತನ್ನೇ ಬಿಟ್ಟು, ಜಗತ್ತಿನಾದ್ಯಂತ ಜೇನ್ನೊಣ ಮತ್ತಿತರ ಪರಾಗವಾಹಕಗಳು ಕುಸಿಯುತ್ತಿವೆ ಎಂಬ ಕಾರಣಕ್ಕೆ ಮಿತಿಗಳನ್ನು ಅಳೆಯಬಲ್ಲ ಕೆಳಗೆರೆಗೆ ಇಳಿಸಿತು. ಅದು ಅನ್ವಯವಾಗುವ ದಿನ 2026ರ ಮಾರ್ಚ್ 7. ಒಕ್ಕೂಟದೊಳಗೆ ನಿಷೇಧಿಸಿದ ಅತಿ ಅಪಾಯಕಾರಿ ಔಷಧಿಗಳು ಆಮದಿನ ಮೂಲಕ ಮರಳಿ ಬರಬಾರದು ಎಂಬ ನಿಲುವನ್ನು 2025ರ ಫೆಬ್ರವರಿಯ ಕೃಷಿ ಮುನ್ನೋಟದಲ್ಲೂ ಬರೆದುಕೊಂಡಿದ್ದಾರೆ. ಉದ್ದೇಶವನ್ನು ಒಪ್ಪಬಹುದು. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ, ಆಹಾರ ಸುರಕ್ಷತೆ ಮತ್ತು ಸಸ್ಯ, ಪ್ರಾಣಿಗಳ ಆರೋಗ್ಯ ಕುರಿತ 1995ರ ಎಸ್‌ಪಿಎಸ್ ಒಪ್ಪಂದ ಕೋಡೆಕ್ಸ್ ಮಿತಿಗಳನ್ನು ಮಾನದಂಡವಾಗಿ ಹಿಡಿದಿದೆ. ಅದಕ್ಕಿಂತ ಬಿಗಿ ಮಾಡುವವರು ಅಪಾಯದ ಮೌಲ್ಯಮಾಪನ ತೋರಿಸಬೇಕು. ಗಡಿಯಾಚೆಗಿನ ಜೇನ್ನೊಣದ ಅಪಾಯ ಇದರಡಿ ಬರುತ್ತದೆಯೇ ಎಂಬುದು ತೀರ್ಮಾನವಾಗಿಲ್ಲ. ಅಷ್ಟರವರೆಗೆ ಬೀಜೋಪಚಾರಕ್ಕೆ ಥಯಾಮೆಥಾಕ್ಸಾಂ ಬಳಸುವವರಿಗೆ ಉಳಿದಿರುವುದು ಪರೀಕ್ಷೆ ಮಾಡಿಸಿ ನೋಡುವುದೊಂದೇ.

ಹೊಣೆ ಯಾರ ತಲೆಗೆ

ಯುರೋಪಿನಲ್ಲಿ ರೈತನೂ ಆಹಾರ ಉದ್ಯಮಿಯೇ. 852/2004 ನಿಯಮದಂತೆ ಸಿಂಪಡಿಸಿದ್ದರ ದಾಖಲೆ ಇಡುವುದು ಅವನ ಕರ್ತವ್ಯ. ಭಾರತದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 18(3)ನೇ ಕಲಮಿನಲ್ಲಿ ರೈತನನ್ನೂ ಹೊಲದ ಹಂತದ ಬೆಳೆಯನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನಿಗೆ ಇದು ನೆಮ್ಮದಿಯಂತೆ ಕಂಡರೂ, ಸಿಕ್ಕಿಬೀಳುವವನು ಕೊಂಡು ಮಾರುವವನು. ಯಾವ ಹೊಲದ್ದು, ಏನು ಹೊಡೆದದ್ದು ಎಂದು ಅವನಿಗೆ ಗೊತ್ತಿರುವುದಿಲ್ಲ. ಹತ್ತು ಹೊಲದ ಸರಕು ಒಂದೇ ರಾಶಿಯಾಗಿರುತ್ತದೆ.

ಅಧಿಕಾರಿ ಮಾದರಿ ತೆಗೆದರೆ ಅದು ನಾಲ್ಕು ಪಾಲಾಗುತ್ತದೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ನಿಯೋಜಿತ ಅಧಿಕಾರಿಯ ಬಳಿ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ವ್ಯಾಪಾರಿ ಕೇಳಬಹುದು, ಆದರೆ ಕೇಳಬೇಕು. ಬಹಳ ಮಂದಿ ಸಹಿ ಹಾಕಿ ಸುಮ್ಮನಾಗುತ್ತಾರೆ. ವಿಶ್ಲೇಷಕರ ವರದಿಯ ವಿರುದ್ಧ ಮೇಲ್ಮನವಿಗೆ 30 ದಿನ. ವರದಿ ಬರಲು 14 ದಿನ. ಒಣ ಸರಕಿಗೆ ಈ ವ್ಯವಸ್ಥೆ ಸರಿ. ಸೊಪ್ಪಿನ ವರದಿ ಬರುವಷ್ಟರಲ್ಲಿ ಆ ಸೊಪ್ಪು ಊಟವಾಗಿ ವಾರ ಕಳೆದಿರುತ್ತದೆ.

ಅದಕ್ಕೇ ಬೇಗ ಕೆಡುವ ಸರಕಿನಲ್ಲಿ ಕೊಯ್ಲಿಗೆ ಮುಂಚೆ, ತಾಕುವಾರು ಮಾದರಿ ತೆಗೆಯುವ ಪದ್ಧತಿಯೇ ಕೆಲಸಕ್ಕೆ ಬಂದಿರುವುದು. ಯುರೋಪಿಗೆ ಹೋಗುವ ಭಾರತದ ದ್ರಾಕ್ಷಿಯಲ್ಲಿ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರ ಅಪೆಡಾ ನಡೆಸುವ ಗ್ರೇಪ್‌ನೆಟ್ ಹಾಗೆಯೇ ಇದೆ: ನೋಂದಾಯಿತ ತಾಕು, ತಾಕಿಗೊಂದು ಸಂಕೇತ, ಕೊಯ್ಲಿಗೆ ಮುನ್ನ ಪರೀಕ್ಷೆ, ಫೇಲಾದ ತಾಕಿನ ಹಣ್ಣು ಪೆಟ್ಟಿಗೆಗೇ ಹೋಗದು. 2010ರಲ್ಲಿ ಆ ವ್ಯವಸ್ಥೆಯನ್ನೂ ದಾಟಿ ಸರಕು ಯುರೋಪಿನಲ್ಲಿ ಸಿಕ್ಕಿಬಿತ್ತು. ಸಿಕ್ಕಿದ್ದು ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ಬಳ್ಳಿಯ ಬೆಳವಣಿಗೆ ಹಿಡಿದಿಡಲು ಸವರಿದ ಮೇಲೆ ಹೊಡೆಯುವ ನಿಯಂತ್ರಕ. ಬಹುವಾರ್ಷಿಕ ಗಿಡದ ಮರದೊಳಗೆ ಅದು ಕೂತಿರುತ್ತದೆ. ಬಳಕೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಪೇರ್ ಹಣ್ಣಿನಲ್ಲಿ ಇಣುಕಿದ ಅನುಭವ ಯುರೋಪಿಗೇ ಇತ್ತು. ಇಲ್ಲಿನ ಪ್ರಯೋಗಾಲಯಗಳು ತಪ್ಪು ಅಳೆದಿರಲಿಲ್ಲ. ಅಳೆಯಬೇಕಾದ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಇಂದಿಗೂ ‘ಪತ್ತೆಯಾಗಿಲ್ಲ’ ಎಂಬ ವರದಿ ಕೈಗೆ ಬಂದರೆ ಮೊದಲು ಓದಬೇಕಾದ್ದು ಕೊನೆಯ ಪುಟದ ಆ ಪಟ್ಟಿಯನ್ನು.